ಬೆವರು ಸುರಿಸಿ ಕಲಿತ ಎರಡನ್ನೇ ಕಿತ್ತು ಹಾಕಿದರು

ನನ್ನ ಟ್ರಂಕಿನ ತಳದಲ್ಲಿ ಮೂರು ನೋಟ್‌ಬುಕ್ ಇವೆ. ಒಂದೊಂದೂ ಇನ್ನೂರು ಪುಟದ್ದು. ತುಂಬಾ ಇಂಗ್ಲಿಷ್ ವ್ಯಾಕರಣ. 2022ರ ಯುಗಾದಿಯಿಂದ ಒಂದೂವರೆ ವರ್ಷ, ಆಫೀಸಿನಿಂದ ಬಂದು ಊಟ ಮುಗಿಸಿ, ಪಿಜಿಯ ಊಟದ ಟೇಬಲ್ಲಿನ ಮೇಲೆ ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಕೂತು ಬರೆದದ್ದು. ಈಗ ಆ ಮೂರಕ್ಕೂ ಜಿಮ್ಯಾಟ್ ಪರೀಕ್ಷೆಯಲ್ಲಿ ಒಂದು ಅಂಕದ ಬೆಲೆಯೂ ಇಲ್ಲ. ಸೆಂಟೆನ್ಸ್ ಕರೆಕ್ಷನ್ ಅನ್ನೋ, ಇಂಗ್ಲಿಷ್ ವಾಕ್ಯ ತಿದ್ದುವ ಪ್ರಶ್ನೆಯನ್ನೇ ತೆಗೆದುಬಿಟ್ಟರು. ಅದರ ಜೊತೆಗೆ ರೇಖಾಗಣಿತವನ್ನೂ ತೆಗೆದರು. ಎರಡು ವರ್ಷದಿಂದ ಹೊಟ್ಟೆಯೊಳಗೆ ಇಟ್ಟುಕೊಂಡು ಓಡಾಡಿದ್ದೇನೆ, ಇವತ್ತು ಹೇಳಿಯೇ ತೀರುತ್ತೇನೆ.

ಗೊತ್ತಿಲ್ಲದವರಿಗೆ ಬೇಗ ಹೇಳಿ ಮುಗಿಸುತ್ತೇನೆ. ಎಂಬಿಎ ಸೇರಲು ಬರೆಯುವ ಪರೀಕ್ಷೆ ಇದು. ಹೊರದೇಶದ ಕಾಲೇಜುಗಳು ಕೇಳುತ್ತವೆ, ನಮ್ಮಲ್ಲಿ ಹೈದರಾಬಾದಿನ ಐಎಸ್‌ಬಿ ಕಾಲೇಜು ಕೇಳುತ್ತದೆ, ಬೆಂಗಳೂರಿನ ಐಐಎಂನ ಒಂದು ವರ್ಷದ ಕೋರ್ಸಿಗೂ ಇದರ ಸ್ಕೋರ್ ನಡೆಯುತ್ತದೆ. ಹಳೆಯದು ಮೂರು ಗಂಟೆ ಏಳು ನಿಮಿಷದ್ದು. 2023ರ ನವೆಂಬರ್ 7ರಿಂದ 'ಫೋಕಸ್ ಎಡಿಷನ್' ಅಂತ ಹೊಸದು ಬಂತು, 2024ರ ಜನವರಿ 31ಕ್ಕೆ ಹಳೆಯದು ಮುಗಿಯಿತು. ಹೊಸದು ಎರಡು ಗಂಟೆ ಹದಿನೈದು ನಿಮಿಷ, ಮೂರು ಭಾಗ, ಒಟ್ಟು 64 ಪ್ರಶ್ನೆ.

ಅವಧಿ ಕಡಿಮೆ ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ಪ್ರಬಂಧ ಬರೆಸೋದು ಬಿಟ್ಟಿದ್ದಕ್ಕೂ ಇಲ್ಲ. ಪ್ರಶ್ನೆಗೆ ಗುರುತು ಹಾಕಿಕೊಂಡು ಆಮೇಲೆ ತಿರುಗಿ ಬಂದು, ಒಂದು ಭಾಗದಲ್ಲಿ ಮೂರು ಉತ್ತರದವರೆಗೆ ಬದಲಾಯಿಸಬಹುದು ಅಂತ ಮಾಡಿದ್ದು ನಿಜಕ್ಕೂ ಒಳ್ಳೆಯ ಕೆಲಸ. ನನ್ನ ಸಿಟ್ಟು ಇರೋದು ಯಾವುದನ್ನು ತೆಗೆದರು, ಯಾವುದನ್ನು ಉಳಿಸಿದರು ಅನ್ನೋದರ ಮೇಲೆ.

ನಾನು ಹಾವೇರಿ ಜಿಲ್ಲೆಯವಳು. ಹತ್ತನೇ ಕ್ಲಾಸಿನವರೆಗೆ ಸರ್ಕಾರಿ ಕನ್ನಡ ಶಾಲೆ. ಮನೆಯಲ್ಲಿ ಇಂಗ್ಲಿಷ್ ಪೇಪರ್ ಬರುತ್ತಿರಲಿಲ್ಲ, ಇಂಗ್ಲಿಷ್ ಕಥೆ ಪುಸ್ತಕ ಕೈಗೆ ಸಿಕ್ಕಿದ್ದು ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ. ಹಾಗಿದ್ದೂ ಹಳೇ ಪರೀಕ್ಷೆಯ ವರ್ಬಲ್ ಅನ್ನೋ ಇಂಗ್ಲಿಷ್ ಭಾಗದಲ್ಲಿ ನನ್ನಂಥವಳಿಗೆ ಒಂದು ಬಾಗಿಲು ತೆರೆದಿತ್ತು. 36 ಪ್ರಶ್ನೆಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಸೆಂಟೆನ್ಸ್ ಕರೆಕ್ಷನ್. ಒಂದು ವಾಕ್ಯ ಕೊಟ್ಟು, ಗೆರೆ ಎಳೆದ ಭಾಗ ಸರಿಯೋ ತಪ್ಪೋ, ತಪ್ಪಾದರೆ ಐದರಲ್ಲಿ ಯಾವುದು ಸರಿ ಅಂತ ಕೇಳೋದು. ಇದಕ್ಕೆ ನಿಯಮ ಇತ್ತು. ನಿಯಮ ಕಲಿತವರಿಗೆ ಅಂಕ ಇತ್ತು.

ನಮ್ಮ ಕನ್ನಡ ಮೇಷ್ಟ್ರು ವ್ಯಾಕರಣ ಪಾಠದಲ್ಲಿ ಹೇಳುತ್ತಿದ್ದರು: "ಯಾರು ಅಂತ ಕೇಳು, ಕರ್ತೃ ಸಿಗ್ತದ. ಏನನ್ನು ಅಂತ ಕೇಳು, ಕರ್ಮ ಸಿಗ್ತದ." ಅದೇ ಪಾಠವನ್ನು ನಾನು ಇಂಗ್ಲಿಷ್ ವಾಕ್ಯದ ಮೇಲೆ ಹಾಕಿ ನೋಡಿದೆ. ಕನ್ನಡದಲ್ಲಿ 'ಹಕ್ಕಿಗಳ ಹಿಂಡು ಹಾರಿತು' ಅಂದರೆ 'ಹಿಂಡು' ಕ್ರಿಯಾಪದದ ಪಕ್ಕದಲ್ಲೇ ಕೂತಿರುತ್ತದೆ, ತಪ್ಪುವ ಪ್ರಶ್ನೆಯೇ ಇಲ್ಲ. ಇಂಗ್ಲಿಷಿನಲ್ಲಿ ಹಿಂಡು ಮೊದಲು ಬಂದು, ಹಕ್ಕಿಗಳು ಆಮೇಲೆ ಬಂದು, ನಡುವೆ ಇನ್ನೊಂದು ಹದಿನೈದು ಪದ ತುರುಕಿ, ಕೊನೆಗೆ ಕ್ರಿಯಾಪದ ಬರುತ್ತದೆ. ಓದುತ್ತಾ ಓದುತ್ತಾ ಕರ್ತೃ ಯಾವುದು ಅನ್ನೋದೇ ಮರೆತುಹೋಗಲಿ ಅಂತ ಹಾಕಿದ ಬಲೆ ಅದು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನ್ನ ಸಹೋದ್ಯೋಗಿಗಳು 'ಕಿವಿಗೆ ಸರಿ ಅನ್ನಿಸ್ತು' ಅಂತ ಉತ್ತರ ಗುರುತಿಸಿ ಆ ಬಲೆಗೆ ಬೀಳುತ್ತಿದ್ದರು. ನನ್ನ ಕಿವಿಗೆ ಯಾವುದೂ ಸರಿ ಅನ್ನಿಸುತ್ತಿರಲಿಲ್ಲ, ಯಾವುದೂ ತಪ್ಪು ಅನ್ನಿಸುತ್ತಿರಲಿಲ್ಲ. ಅದಕ್ಕೇ ನಾನು ಒಂದೊಂದು ವಾಕ್ಯವನ್ನೂ ಬಿಡಿಸಿ, ಕರ್ತೃ ಹುಡುಕಿ, ಕ್ರಿಯಾಪದ ಹುಡುಕಿ, ವಿಶೇಷಣ ಯಾವ ನಾಮಪದಕ್ಕೆ ಅಂಟಿದೆ ಅಂತ ನೋಡುತ್ತಿದ್ದೆ. ಓಜಿಯಲ್ಲಿ, ಅಂದರೆ ಪರೀಕ್ಷೆಯ ಅಫಿಷಿಯಲ್ ಗೈಡ್ ಪುಸ್ತಕದಲ್ಲಿ, ಇದ್ದ ಅಷ್ಟೂ ವಾಕ್ಯಗಳನ್ನು ಎರಡು ಸಲ ಮಾಡಿದೆ. ತಪ್ಪಾದದ್ದನ್ನೆಲ್ಲ ಎರರ್ ಲಾಗ್‌ನಲ್ಲಿ ಬರೆದೆ, ಯಾಕೆ ತಪ್ಪಾಯಿತು ಅಂತ ಕನ್ನಡದಲ್ಲಿ ಬರೆದೆ. ಆ ಮೂರು ನೋಟ್‌ಬುಕ್ ಅವೇ. 2023ರ ಆಗಸ್ಟ್ ಹೊತ್ತಿಗೆ ಹತ್ತಕ್ಕೆ ಒಂಬತ್ತು ಸರಿಯಾಗುತ್ತಿತ್ತು. ಮಾಕ್ ಪರೀಕ್ಷೆಯಲ್ಲಿ 690 ಬಂತು. ಆ ದಿನ ಅಪ್ಪನಿಗೆ ಫೋನ್ ಮಾಡಿ ಅತ್ತಿದ್ದೆ, ಖುಷಿಗೆ.

ಇನ್ನು ರೇಖಾಗಣಿತ. ಇದನ್ನು ನೆನೆಸಿಕೊಂಡರೆ ಇನ್ನೂ ಹೊಟ್ಟೆ ಉರಿಯುತ್ತದೆ. ದತ್ತ, ಸಾಧನೀಯ, ರಚನೆ, ಸಾಧನೆ. ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಬರೆದವರಿಗೆ ಈ ನಾಲ್ಕು ಪದ ಸಾಕು, ಇಡೀ ವರ್ಷ ಕಣ್ಣ ಮುಂದೆ ಬರುತ್ತದೆ. ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ. ಪೈಥಾಗೊರಸ್. ಥೇಲ್ಸ್. ನಮ್ಮ ಗಣಿತದ ಟೀಚರ್ ಬೆಳಿಗ್ಗೆ ಎಂಟಕ್ಕೆ ಸ್ಪೆಷಲ್ ಕ್ಲಾಸ್ ಇಟ್ಟು ಬೋರ್ಡ್ ತುಂಬ ಬರೆಸಿದ್ದು. ಒಂದು ತ್ರಿಕೋನ, ಅದರೊಳಗೊಂದು ವೃತ್ತ, ಒಂದು ಕೋನ ಕೊಟ್ಟು ಇನ್ನೊಂದು ಕಂಡುಹಿಡಿ ಅಂದರೆ ಅದಕ್ಕೆ ಯಾವ ಇಂಗ್ಲಿಷೂ ಬೇಡ. ಚಿತ್ರ ನೋಡಿದರೆ ಸಾಕು. ಹಳ್ಳಿಯ ಶಾಲೆಯವಳು, ದೊಡ್ಡ ಪಟ್ಟಣದ ಶಾಲೆಯವನು ಇಬ್ಬರೂ ಸಮಾನವಾಗಿ ಕೂತು ಮಾಡಬಹುದಾದ ಪ್ರಶ್ನೆ ಅದೊಂದೇ ಆಗಿತ್ತು. ಅದನ್ನೇ ಕಿತ್ತರು.

ಈಗ ಏನು ಉಳಿಯಿತು ನೋಡಿ. ವರ್ಬಲ್‌ನಲ್ಲಿ 23 ಪ್ರಶ್ನೆ, 45 ನಿಮಿಷ. ಅಷ್ಟೂ ಓದಿ ಉತ್ತರಿಸುವವು, ಒಂದೋ ಪ್ಯಾಸೇಜ್, ಇಲ್ಲವೇ ವಾದ ಬಿಡಿಸೋದು. ಕ್ವಾಂಟ್‌ನಲ್ಲಿ 21 ಪ್ರಶ್ನೆ, ಅಂಕಗಣಿತ, ಬೀಜಗಣಿತ. ಚಿತ್ರ ನೋಡಿ ಮಾಡುವುದು ಹೋದಮೇಲೆ ಅಲ್ಲೂ ಓದುವುದೇ ಹೆಚ್ಚಾಯಿತು. ಕ್ವಾಂಟ್‌ನಲ್ಲಿದ್ದ ಡೇಟಾ ಸಫಿಷಿಯೆನ್ಸಿಯನ್ನು (ಕೊಟ್ಟ ಮಾಹಿತಿ ಉತ್ತರಕ್ಕೆ ಸಾಕೋ ಇಲ್ಲವೋ ಅಂತ ಕೇಳೋದು) ಎತ್ತಿ ಡೇಟಾ ಇನ್‌ಸೈಟ್ಸ್ ಅನ್ನೋ ಮೂರನೇ ಭಾಗಕ್ಕೆ ಹಾಕಿದರು. ಆ ಭಾಗದಲ್ಲಿ 20 ಪ್ರಶ್ನೆ, ಅದಕ್ಕೂ 45 ನಿಮಿಷ. ಹಳೇ ಪರೀಕ್ಷೆಯಲ್ಲಿ ಈ ಟೇಬಲ್ಲು, ಗ್ರಾಫು, ಮೂರು ಮೂರು ಟ್ಯಾಬಿನ ಪ್ರಶ್ನೆಗಳಿಗೆಲ್ಲ ಬೇರೆಯೇ ಅಂಕ ಇತ್ತು, 1ರಿಂದ 8ರವರೆಗೆ, ಒಟ್ಟು ಸ್ಕೋರಿಗೆ ಅದು ಸೇರುತ್ತಿರಲಿಲ್ಲ. ಈಗ ಒಟ್ಟು ಸ್ಕೋರಿನಲ್ಲಿ ಅದಕ್ಕೆ ಮೂರನೇ ಒಂದು ಪಾಲು.

ಮಲ್ಟಿ ಸೋರ್ಸ್ ರೀಸನಿಂಗ್ ಅಂತ ಒಂದಿದೆ. ಒಂದು ಟ್ಯಾಬಿನಲ್ಲಿ ಯಾರೋ ಮ್ಯಾನೇಜರ್ ಬರೆದ ಇಮೇಲ್, ಇನ್ನೊಂದರಲ್ಲಿ ಅದಕ್ಕೆ ಉತ್ತರ, ಮೂರನೆಯದರಲ್ಲಿ ಒಂದು ಪಟ್ಟಿ. ಮೂರನ್ನೂ ಓದಿ, ಒಂದರಲ್ಲಿ ಹೇಳಿದ್ದನ್ನು ಇನ್ನೊಂದಕ್ಕೆ ಹೊಂದಿಸಿ, ಮೂರು ಹೇಳಿಕೆಗೆ ಹೌದು ಅಥವಾ ಇಲ್ಲ ಅಂತ ಹೇಳಬೇಕು. ಮೂರರಲ್ಲಿ ಎರಡು ಸರಿಯಾಗಿ ಒಂದು ತಪ್ಪಾದರೆ ಪೂರ್ತಿ ಸೊನ್ನೆ, ಅರ್ಧ ಅಂಕವೂ ಇಲ್ಲ. ಲೆಕ್ಕ ಐದನೇ ಕ್ಲಾಸಿನದು. ಹಾಗಾದರೆ ಅಲ್ಲಿ ಅಳೆಯುತ್ತಿರೋದು ಏನು? ಚಿಕ್ಕಂದಿನಿಂದ ಇಂಗ್ಲಿಷ್ ಓದಿ ಓದಿ ಕಣ್ಣು ಪಳಗಿದೆಯೋ ಇಲ್ಲವೋ ಅನ್ನೋದನ್ನು. ಅದು ಒಂದೂವರೆ ವರ್ಷದಲ್ಲಿ ಬರುವಂಥದ್ದಲ್ಲ. ಯಾವ ನೋಟ್‌ಬುಕ್ಕಿನಲ್ಲೂ ಬರೆದು ಕಲಿಯುವಂಥದ್ದಲ್ಲ. ಕಷ್ಟಪಟ್ಟರೆ ಸಿಗುವ ಎರಡನ್ನು ತೆಗೆದು, ಹುಟ್ಟಿದ ಮನೆಯಿಂದ ಬರುವುದನ್ನು ಉಳಿಸಿದರು. ನನ್ನ ಸಿಟ್ಟೆಲ್ಲ ಇರೋದು ಇಲ್ಲೇ.

ಅವರ ಕಡೆಯ ವಾದ ನನಗೆ ಗೊತ್ತು. ವ್ಯವಹಾರದಲ್ಲಿ ಮುಂದೆ ಬರುವವರಿಗೆ ಡೇಟಾ ಓದಲು ಬರಬೇಕು, ತ್ರಿಕೋನದ ಕೋನ ಯಾರಿಗೆ ಬೇಕು, ವ್ಯಾಕರಣ ತಿದ್ದಲು ಈಗ ಕಂಪ್ಯೂಟರ್ ಇದೆ ಅಂತ. ಆಫೀಸಿನಲ್ಲೂ ಎಷ್ಟೋ ಜನ ನನಗೆ ಇದನ್ನೇ ಹೇಳಿದರು. ನಾನು ಏಳು ವರ್ಷದಿಂದ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ, ದಿನಾ ಡೇಟಾ ನೋಡುತ್ತೇನೆ. ಯಾವ ಮೀಟಿಂಗಿನಲ್ಲೂ ಎರಡು ನಿಮಿಷ ಹದಿನೈದು ಸೆಕೆಂಡಿನಲ್ಲಿ ಮೂರು ಇಮೇಲ್ ಓದಿ ಉತ್ತರ ಹೇಳು ಅಂತ ಯಾರೂ ಕೇಳಿಲ್ಲ. ಅರ್ಥವಾಗದಿದ್ದರೆ ಇನ್ನೊಮ್ಮೆ ಓದುತ್ತೇನೆ, ಪಕ್ಕದವರನ್ನು ಕೇಳುತ್ತೇನೆ, ಸರಿಯಾದ ಉತ್ತರ ಕೊಡುತ್ತೇನೆ. ಕಂಪ್ಯೂಟರ್ ವ್ಯಾಕರಣ ತಿದ್ದುತ್ತದೆ ಅನ್ನೋದಾದರೆ ಅದೇ ಕಂಪ್ಯೂಟರ್ ಮೂರು ಇಮೇಲಿನ ಸಾರಾಂಶವನ್ನೂ ಕೊಡುತ್ತದಲ್ಲ!

ಹಾಗಾದರೆ ಜನವರಿಯೊಳಗೆ ಹಳೆಯದನ್ನೇ ಬರೆಯಬೇಕಿತ್ತು ಅಂತ ಎಲ್ಲರೂ ಕೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನವೆಂಬರಿನಲ್ಲಿ ಅಪ್ಪನಿಗೆ ಆಪರೇಷನ್ ಆಯಿತು, ಊರಿಗೆ ಹೋದೆ. ಡಿಸೆಂಬರಿನಲ್ಲಿ ಆಫೀಸಿನಲ್ಲಿ ರಿಲೀಸ್, ರಜೆ ಕೊಡಲಿಲ್ಲ. ಜನವರಿಯಲ್ಲಿ ರಜೆ ಸಿಕ್ಕ ದಿನಗಳಿಗೆ ಸೆಂಟರಿನಲ್ಲಿ ಸ್ಲಾಟ್ ಸಿಗಲಿಲ್ಲ. ಮನೆಯಿಂದಲೇ ಬರೆಯಬಹುದಲ್ಲ ಅಂದರು. ಬರೆಯುವ ಕೋಣೆಯಲ್ಲಿ ಒಬ್ಬರೇ ಇರಬೇಕು, ಯಾರೂ ಒಳಗೆ ಬರಬಾರದು ಅನ್ನೋದು ನಿಯಮ. ನಮ್ಮದು ಮೂರು ಜನ ಹಂಚಿಕೊಂಡಿರುವ ರೂಮು. ಅದರಲ್ಲಿ ಒಬ್ಬಳಿಗೆ ರಾತ್ರಿ ಪಾಳಿ, ಹಗಲೆಲ್ಲ ಮಲಗುತ್ತಾಳೆ. ಅವಳನ್ನು ಎಲ್ಲಿಗೆ ಕಳಿಸಲಿ?

ಕೋಚಿಂಗ್‌ನವರ ಮೇಲೂ ಸಿಟ್ಟಿದೆ. 2023ರ ಅಕ್ಟೋಬರಿನಲ್ಲಿ, ಬದಲಾವಣೆ ಊರಿಗೆಲ್ಲ ಗೊತ್ತಾದ ಮೇಲೂ, ನನ್ನ ನಂತರದ ಬ್ಯಾಚಿನ ಹುಡುಗರಿಗೆ ಸೆಂಟೆನ್ಸ್ ಕರೆಕ್ಷನ್ ಪ್ಯಾಕೇಜ್ ಮಾರುತ್ತಿದ್ದರು. ಒಬ್ಬ ಹುಡುಗ ನನ್ನ ಮುಂದೆಯೇ ಕೇಳಿದ, "ಸರ್, ಇದು ಹೋಗುತ್ತಂತಲ್ಲ?" ಅದಕ್ಕೆ ಅವರು, "ಬೇಸ್ ಸ್ಟ್ರಾಂಗ್ ಆಗುತ್ತಪ್ಪ, ರೀಡಿಂಗ್‌ಗೆ ಹೆಲ್ಪ್ ಆಗುತ್ತೆ" ಅಂದರು. ಆ ಹುಡುಗ ಬರೆಯಬೇಕಿದ್ದದ್ದು 2024ರ ಜೂನಿನಲ್ಲಿ. ನಾನು ಹೊರಗೆ ಬಂದು ಅವನಿಗೆ ದುಡ್ಡು ಕಟ್ಟಬೇಡ ಅಂದೆ. ಅಷ್ಟರಲ್ಲಿ ಮೊದಲ ಕಂತು ಕಟ್ಟಿಯಾಗಿತ್ತು.

ನಮ್ಮ ದೊಡ್ಡಪ್ಪನ ಮಗನಿಗೂ ಹೀಗೇ ಆಗಿತ್ತು, ಅವನದು ಜಿಆರ್‌ಇ, ಹೊರದೇಶದಲ್ಲಿ ಎಂಎಸ್ ಥರದ ಕೋರ್ಸ್ ಸೇರಲು ಬರೆಯುವ ಪರೀಕ್ಷೆ. ಮೂರು ಸಾವಿರ ಇಂಗ್ಲಿಷ್ ಪದ ಉರು ಹೊಡೆದಿದ್ದ, ಬಸ್ಸಿನಲ್ಲಿ, ಹೊಲದ ಬದುವಿನ ಮೇಲೆ, ಮದುವೆ ಮನೆಯಲ್ಲೂ ಚೀಟಿ ಹಿಡಿದು ಕೂತಿರುತ್ತಿದ್ದ. 2011ರ ಆಗಸ್ಟಿನಲ್ಲಿ ವಿರುದ್ಧ ಪದ, ಪದಸಂಬಂಧ ಎರಡನ್ನೂ ತೆಗೆದು, ವಾಕ್ಯದೊಳಗೆ ಖಾಲಿ ಜಾಗ ತುಂಬುವ ಪ್ರಶ್ನೆಗಳನ್ನು ಹೆಚ್ಚಿಸಿದರು. ಸ್ಕೋರಿನ ಅಳತೆಯೂ 800ರಿಂದ 170ಕ್ಕೆ ಬಂತು. ಪದ ಉರು ಹೊಡೆಯೋದು ಒಳ್ಳೆಯ ಓದು ಅಂತ ನಾನು ಹೇಳುವುದಿಲ್ಲ. ಆದರೆ ಪುಸ್ತಕವಿಲ್ಲದ ಮನೆಯ ಹುಡುಗನಿಗೆ ಆ ಪಟ್ಟಿ ಒಂದು ಏಣಿ ಆಗಿತ್ತು. ಅದು ನನಗೆ ಅರ್ಥವಾಗಿದ್ದು ನನ್ನ ಏಣಿ ಹೋದ ಮೇಲೆ.

2024ರ ಏಪ್ರಿಲಿನಲ್ಲಿ ಹೊಸ ಪರೀಕ್ಷೆ ಬರೆದೆ. 595 ಬಂತು. ಹೊಸ ಅಳತೆ 205ರಿಂದ 805ರವರೆಗೆ, ಎಲ್ಲ ಸ್ಕೋರೂ 5ರಲ್ಲೇ ಮುಗಿಯುತ್ತದೆ. ಹಳೆಯ 700ಕ್ಕೆ ಹೊಸದರಲ್ಲಿ 645 ಸಮ. ಇದನ್ನು ಅಪ್ಪನಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. "ಯಾಕವ್ವಾ, ಮೊದಲ ಏಳ್ನೂರು ಬೇಕು ಅಂತಿದ್ದಿ, ಈಗ ಆರನೂರಾ ನಲವತ್ತೈದು ಸಾಕು ಅಂತೀ. ಕಡಿಮಿ ಮಾಡ್ಯಾರ ಅಂದಮ್ಯಾಲ ಹಗುರ ಆಗ್ಯದಲ್ಲ?" ಅಂದರು. ಹಗುರ ಆಗಿಲ್ಲ ಅಪ್ಪ, ಅಳತೆಗೋಲು ಬದಲಾಗಿದೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನಗ ಬರೋದನ್ನ ಕೇಳಲಿಲ್ಲೇನು ಹಂಗಾರ?" ಅಂದರು. ಹೂಂ ಅಂದೆ, ಇನ್ನೇನು ಹೇಳಲಿ.

ಸೋಲೊಪ್ಪಿ ಕೂತಿಲ್ಲ. ಒಮ್ಮೆ ಬರೆದ ಮೇಲೆ ಹದಿನಾರು ದಿನ ಬಿಟ್ಟು ಮತ್ತೆ ಬರೆಯಬಹುದು, ಆದರೆ ಪ್ರತಿ ಸಲದ ಶುಲ್ಕ ಪಿಜಿಯ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು, ಅದನ್ನು ಕೂಡಿಸಿ ಕೂಡಿಸಿ ಇಷ್ಟು ದಿನ ಆಯಿತು. ಮುಂದಿನ ತಿಂಗಳು ಬರೆಯುತ್ತಿದ್ದೇನೆ. ವ್ಯಾಕರಣದ ಬದಲು ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಗಡಿಯಾರ ಮುಂದಿಟ್ಟುಕೊಂಡು ಇಂಗ್ಲಿಷ್ ಪ್ಯಾಸೇಜ್ ಓದುತ್ತೇನೆ. ನಿನ್ನೆ ಮುನ್ನೂರೈವತ್ತು ಪದದ ಒಂದು ಪ್ಯಾಸೇಜಿಗೆ ನನಗೆ ನಾಲ್ಕು ನಿಮಿಷ ಹತ್ತು ಸೆಕೆಂಡು ಹಿಡಿಯಿತು. ರಾತ್ರಿ ಪಾಳಿಗೆ ಹೊರಟಿದ್ದ ರೂಮ್‌ಮೇಟ್, ಇಂಗ್ಲಿಷ್ ಶಾಲೆಯವಳು, ನಿಂತಲ್ಲೇ ಕೈಗೆ ತಗೊಂಡು ಎರಡು ನಿಮಿಷದಲ್ಲಿ ಓದಿ ಮುಗಿಸಿ, ಬ್ಯಾಗ್ ಹೆಗಲಿಗೆ ಹಾಕಿಕೊಂಡು ಕ್ಯಾಬ್ ಹತ್ತಲು ಹೋದಳು.