ಮಳೆ ಬೆಂಗಳೂರಿನಲ್ಲಿ, ಒಣಗಿದ್ದು ನಮ್ಮ ತೋಟ

ಇವತ್ತು ಬೆಳಿಗ್ಗೆ ಹೊರಗೆ ಆಟಿಯ ಮಳೆ ಧೋ ಅಂತ ಹೊಯ್ಯುತ್ತಿರುವಾಗ ಅಪ್ಪನ ಮೊಬೈಲಿಗೆ ಒಂದು ಮೆಸೇಜು ಬಂತು. ಮಲೆಯಾಳದಲ್ಲಿ. ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ನನಗೆ ಬರ್ತದೆ, ಕೂಡಿಸಿ ಕೂಡಿಸಿ ಓದಿದೆ. ಪಂಪಿನ ಸ್ಮಾರ್ಟ್ ಕಂಟ್ರೋಲರಿನ ಉಚಿತ ಅವಧಿ ಮುಗಿಯಿತಂತೆ. ಇನ್ನು ಟೈಮಿಂಗ್ ಇಡಬೇಕಾದರೆ ವರ್ಷಕ್ಕೆ 1,499 ರೂಪಾಯಿ ಕಟ್ಟಬೇಕಂತೆ. ಮೋಟಾರು ನಮ್ಮದು, ಕೆರೆ ನಮ್ಮದು, ಕರೆಂಟಿನ ಬಿಲ್ಲು ನಮ್ಮದು. ಮೋಟಾರು ಎಷ್ಟು ಗಂಟೆಗೆ ತಿರುಗಬೇಕು ಅಂತ ಅದಕ್ಕೆ ಹೇಳಲಿಕ್ಕೆ ಬಾಡಿಗೆ ಮಾತ್ರ ಬೇರೆ ಯಾರಿಗೋ! ಅದೂ ಪಂಪಿನ ಮುಖ ನೋಡುವುದೇ ಇನ್ನು ಡಿಸೆಂಬರಿಗೆ ಅನ್ನುವ ಕಾಲದಲ್ಲಿ.

ಎಂಟು ತಿಂಗಳು ನುಂಗಿಕೊಂಡಿದ್ದೆ. ಇನ್ನು ಆಗುವುದಿಲ್ಲ ಮಾರ್ರೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವಾಗ ಒಳಗೆ, ಗುಡ್ಡದ ಬದಿಯಲ್ಲಿ. ಮೇಲೆ ಮುರಕಲ್ಲಿನ ಹಳೇ ಮನೆ, ಕೆಳಗೆ ಅಡಿಕೆ ತೋಟ. ಮನೆಯಲ್ಲಿ ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ. ಅಣ್ಣ ಬೆಂಗಳೂರಿನಲ್ಲಿ. ಕಳೆದ ದೀಪಾವಳಿಗೆ ಬಂದವನ ಕೈಯಲ್ಲಿ ಎರಡು ಸೂಟ್‌ಕೇಸ್ ಇತ್ತು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ನನ್ನ ಗ್ರಹಚಾರ. ಸ್ಮಾರ್ಟ್ ಬಲ್ಬು ಆರು, ಸ್ಮಾರ್ಟ್ ಪ್ಲಗ್ಗು ನಾಲ್ಕು, ಕ್ಯಾಮೆರಾ ಎರಡು, ಮಾತಾಡುವ ಡಬ್ಬ ಒಂದು, ಪಂಪಿಗೆ ಈ ಕಂಟ್ರೋಲರ್, ಅದರ ಜತೆ ಮಣ್ಣಿನ ಪಸೆ ಅಳೆಯುವ ಎರಡು ಕಡ್ಡಿ. "ಇನ್ನು ಅಪ್ಪ ಚಾವಡಿಯಲ್ಲಿ ಕೂತಲ್ಲಿಂದಲೇ ಎಲ್ಲ ನೋಡಿಕೊಳ್ಳಬಹುದು" ಅಂದ. ಎರಡು ದಿವಸ ಗೋಡೆಗೆ ಡ್ರಿಲ್ ಹೊಡೆದ, ಮೂರನೇ ದಿವಸ ರಾತ್ರಿ ಬಸ್ಸು ಹತ್ತಿದ. ಅಲ್ಲಿಂದ ಇಲ್ಲಿಯವರೆಗೆ ಅಷ್ಟೂ ಸಾಮಾನಿನ ಚಾಕರಿ ನನ್ನದು.

ಬಲ್ಬಿನ ಕತೆ ಕೇಳಿ. ಚಾವಡಿಯಲ್ಲಿ ಕೂತು ಮೊಬೈಲ್ ಒತ್ತಿದರೆ ತಲೆಯ ಮೇಲಿನ ಬಲ್ಬು ಹೊತ್ತಬೇಕು ತಾನೆ? ಆ ಒತ್ತು ಮೊದಲು ಮೂಲೆಯ ರೂಟರಿಗೆ, ಅಲ್ಲಿಂದ ಫೈಬರಿನಲ್ಲಿ ಗುಡ್ಡ ಇಳಿದು, ಯಾವುದೋ ದೂರದ ಸರ್ವರಿಗೆ ಹೋಗಿ, ಅಪ್ಪಣೆ ತೆಗೆದುಕೊಂಡು ಅದೇ ದಾರಿಯಲ್ಲಿ ವಾಪಸು ಬಂದು ಬಲ್ಬಿಗೆ ಹೇಳಬೇಕು. ರಸ್ತೆಯಲ್ಲಿ ಒಂದು ಅಕೇಶಿಯ ಗೆಲ್ಲು ಮುರಿದು ಕೇಬಲ್ ತುಂಡಾದರೆ ಮೂರು ಮೊಳ ದೂರದ ಬಲ್ಬು ನಮಗೆ ಪರದೇಶ. ಸ್ವಿಚ್ ಒತ್ತಬಹುದಲ್ಲ ಅಂತ ನೀವು ಕೇಳುವಿರಿ. ಸ್ವಿಚ್ ಆಫ್ ಮಾಡಿದರೆ ಬಲ್ಬು ಆಫ್‌ಲೈನ್ ಆಗ್ತದೆ ಅಂತ ಅಣ್ಣ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿ ಹೋಗಿದ್ದಾನೆ!

ಅದರ ಮೇಲೆ ಸಿಡಿಲು. ಮೇ ಕೊನೆಯ ಪತ್ತನಾಜೆ ಹತ್ತಿರ ಬಂದ ಹಾಗೆ ನಮ್ಮಲ್ಲಿ ಸಂಜೆಯಾದರೆ ಗುಡುಗು. ಬಾನಿನಲ್ಲಿ ಒಂದು ಗುರುಗುರು ಕೇಳಿದರೆ ಸಾಕು, ಅಪ್ಪ ಎದ್ದು ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತು ಹಾಕುವುದು ನಲವತ್ತು ವರ್ಷದ ರೂಢಿ. ರೂಟರಿನ ವಯರೂ ಸೇರಿ. ಅದು ತಪ್ಪೂ ಅಲ್ಲ, ನಮ್ಮ ಬದಿಯಲ್ಲಿ ಸಿಡಿಲಿಗೆ ಟಿ.ವಿ. ಸುಟ್ಟುಕೊಳ್ಳದ ಮನೆ ಎಷ್ಟುಂಟು? ಈ ಬಲ್ಬುಗಳಿಗೆ ಒಂದು ಗುಣ ಉಂಟು: ಬೇಗ ಬೇಗ ಐದು ಸಲ ಆರಿಸಿ ಹೊತ್ತಿಸಿದರೆ ಅವು ಹಳೆಯದನ್ನೆಲ್ಲ ಮರೆತು ಹೊಸ ಯಜಮಾನನನ್ನು ಹುಡುಕಲು ಶುರು ಮಾಡ್ತವೆ. ರೀಸೆಟ್ ಮಾಡುವ ಕ್ರಮವೇ ಅದು. ಇದನ್ನು ಕಂಡುಹಿಡಿದ ಪುಣ್ಯಾತ್ಮ ಗುಡುಗಿನ ಹೊತ್ತಿನ ನಮ್ಮೂರ ಕರೆಂಟು ಕಂಡವನಲ್ಲ. ಹೋಯಿತು, ಬಂತು, ಹೋಯಿತು, ಬಂತು. ಐದಲ್ಲ, ಒಂಬತ್ತು ಸಲ. ಮೇ ತಿಂಗಳ ಒಂದು ರಾತ್ರಿ ಏಳೂವರೆಗೆ ದೇವರ ಕೋಣೆಯಿಂದ ಹಿಡಿದು ಬಚ್ಚಲಿನವರೆಗೆ ಆರೂ ಬಲ್ಬು ಪಿಳಿಪಿಳಿ ಪಿಳಿಪಿಳಿ ಅಂತ ಕಣ್ಣು ಹೊಡೆಯಲು ಶುರು. ಶಾರ್ಟ್ ಆಯಿತು ಅಂತ ಅಪ್ಪ ಮೈನ್ ಆಫ್ ಮಾಡಿದರು. ಅಮ್ಮ ಕತ್ತಲೆಯಲ್ಲಿ ದೇವರ ದೀಪ ಹಿಡಿದುಕೊಂಡು, "ಇದಕ್ಕೆ ಎಂತ ಬಂತಪ್ಪ, ಸೋಂಕೋ?" ಅಂತ ಕೇಳಿದಳು. ಆ ರಾತ್ರಿ ಹನ್ನೊಂದರವರೆಗೆ ಏಣಿ ಇಟ್ಟು ಒಂದೊಂದೇ ಬಲ್ಬನ್ನು ಮತ್ತೆ ವೈಫೈಗೆ ಸೇರಿಸಿದೆ. ಅದರಲ್ಲೂ ಫೋನು ಹೋಗಿ 5 ಗಿಗಾಹರ್ಟ್ಸಿನಲ್ಲಿ ಕೂತರೆ ಬಲ್ಬಿಗೆ ಅದು ಕಾಣುವುದಿಲ್ಲ, ಅದಕ್ಕೆ 2.4 ಮಾತ್ರ ಗೊತ್ತಿರುವುದು. ಇದು ತಿಳಿಯಲಿಕ್ಕೆ ನನಗೆ ನಾಲ್ಕು ಬಲ್ಬು ಬೇಕಾಯಿತು.

ಅಡಿಕೆ ಸುಲಿಯುವ ನನಗೆ ಈಗ ಈ ಶಾಸ್ತ್ರದ ಚರಿತ್ರೆಯೂ ಬಾಯಿಪಾಠ. ಹೀಗೆ ಸಾಮಾನುಗಳನ್ನೆಲ್ಲ ಇಂಟರ್‌ನೆಟ್ಟಿಗೆ ಕಟ್ಟಿಹಾಕುವುದಕ್ಕೆ ಇಂಟರ್‌ನೆಟ್ ಆಫ್ ಥಿಂಗ್ಸ್ ಅನ್ನುವ ಹೆಸರು 1999ರಲ್ಲಿ ಕೆವಿನ್ ಆಶ್ಟನ್ ಎಂಬವರು ಇಟ್ಟದ್ದು. ಅದೇ ವರ್ಷ ಯಂತ್ರಗಳು ಒಂದಕ್ಕೊಂದು ಸಂದೇಶ ಕಳಿಸುವ ಎಂಕ್ಯೂಟಿಟಿ ಅನ್ನುವ ಪದ್ಧತಿ ಬಂತು. ಎಲ್ಲೋ ದೂರದ ಎಣ್ಣೆ ಪೈಪಿನ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲಿಕ್ಕೆ, ಸಂಪರ್ಕ ದುರ್ಬಲ ಇದ್ದರೂ ನಾಲ್ಕು ಅಕ್ಷರ ತಲುಪಬೇಕು ಅಂತಲೇ ಮಾಡಿದ್ದು. ಸಂಪರ್ಕ ಆಗಾಗ ಕಡಿಯುತ್ತದೆ ಅಂತ ಲೆಕ್ಕ ಹಾಕಿಯೇ ಹೊರಟ ವಿದ್ಯೆ ಇದು. ಈಗ ನೋಡಿದರೆ ಬಚ್ಚಲಿನ ಬಲ್ಬಿಗೂ ಹೊತ್ತು ಹೊತ್ತಿಗೆ ಫೈಬರು ಬೇಕು. ಬೇರೆ ಬೇರೆ ಕಂಪೆನಿಯ ಸಾಮಾನುಗಳು ಮನೆಯೊಳಗೇ ಪರಸ್ಪರ ಮಾತಾಡಲಿ ಅಂತ 2022ರ ಅಕ್ಟೋಬರಿನಲ್ಲಿ ಮ್ಯಾಟರ್ ಅನ್ನುವ ಒಂದು ಮಾನದಂಡವೂ ಬಂದಿದೆ. ಅಣ್ಣ ತಂದದ್ದರಲ್ಲಿ ಒಂದರ ಪೆಟ್ಟಿಗೆಯ ಮೇಲೂ ಆ ಮುದ್ರೆ ಇಲ್ಲ, ಹುಡುಕಿ ನೋಡಿದ್ದೇನೆ. ಹಾಗಾಗಿ ಬಲ್ಬಿಗೆ ಒಂದು ಆಪು, ಪ್ಲಗ್ಗಿಗೆ ಒಂದು, ಕ್ಯಾಮೆರಾಕ್ಕೆ ಒಂದು, ಪಂಪಿಗೆ ಒಂದು. ಒಂದಕ್ಕೊಂದು ಮಾತಿಲ್ಲ. ಪಾಲು ಪಂಚಾತಿಕೆಯಾದ ಅಣ್ಣತಮ್ಮಂದಿರ ಹಾಗೆ ಒಂದೇ ಮಾಡಿನ ಅಡಿಯಲ್ಲಿ ಮುಖ ತಿರುಗಿಸಿ ಕೂತಿವೆ.

ಕ್ಯಾಮೆರಾದ ವಿಷಯ ಹೆಚ್ಚು ಹೇಳುವುದಿಲ್ಲ. ಹಟ್ಟಿಯ ಪಕ್ಕದ ಬಾಳೆಯ ಎಲೆ ಅಲ್ಲಾಡಿದರೆ "ವ್ಯಕ್ತಿ ಪತ್ತೆ" ಅಂತ ಬೆಂಗಳೂರಿಗೆ ಸುದ್ದಿ ಹೋಗ್ತದೆ, ಅಣ್ಣ ಗಾಬರಿಯಲ್ಲಿ ಫೋನು ಮಾಡ್ತಾನೆ. ಹದಿನೈದು ಮಂಗ ಬಂದು ಬೊಂಡ ಕಿತ್ತು ಹಾಕಿ ಹೋದರೆ ಸುದ್ದಿಯೇ ಇಲ್ಲ.

ಮಾತಾಡುವ ಡಬ್ಬಕ್ಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿ. ಅಮ್ಮ ಮೊದಲು ಕನ್ನಡದಲ್ಲಿ ಚಂದಕ್ಕೆ ಹೇಳಿ ನೋಡಿದಳು. ಆಮೇಲೆ ಐವತ್ತು ವರ್ಷದ ಹಿಂದೆ ಹಿಂದಿ ಪ್ರಚಾರ ಸಭಾದ ಮಧ್ಯಮಾ ಪಾಸು ಮಾಡಿದ್ದು ನೆನಪಾಗಿ, ಸೆರಗು ಸರಿ ಮಾಡಿಕೊಂಡು, ಪರೀಕ್ಷೆಗೆ ನಿಂತ ಹಾಗೆ "ಬತ್ತೀ ಜಲಾಓ" ಅಂದಳು. ಡಬ್ಬ ಎಂತದೋ ಭಜನೆ ಹಾಕಿತು. ಅಮ್ಮನಿಗೆ ಅದು ಅಡ್ಡಿಯಿಲ್ಲ ಅನ್ನಿಸಿತು, ಕೂತು ಪೂರ್ತಿ ಕೇಳಿದಳು. ಲೈಟು ಹೊತ್ತಲಿಲ್ಲ.

ಇದೆಲ್ಲ ನಗಬಹುದಾದದ್ದು. ಪಂಪಿನದ್ದು ನಗುವ ವಿಷಯ ಅಲ್ಲ.

ಮೊದಲು ನಮ್ಮಲ್ಲಿ ಇದ್ದದ್ದು ಮಿಸ್ಡ್ ಕಾಲಿನ ಮೊಬೈಲ್ ಸ್ಟಾರ್ಟರು. ಅದಕ್ಕೆ ನಾನು ಕೈ ಮುಗಿಯುತ್ತೇನೆ. ಒಂದು ಸಾಧಾರಣ ಸಿಮ್ಮು, ಹತ್ತಂಕೆಯ ನಂಬರು. ಅಪ್ಪ ಎಪ್ಪತ್ತಾರನೇ ವಯಸ್ಸಿನಲ್ಲಿ ಒಂದೇ ದಿವಸದಲ್ಲಿ ಕಲಿತರು: ಒಂದು ಮಿಸ್ಡ್ ಕಾಲು ಕೊಟ್ಟರೆ ಮೋಟಾರು ಚಾಲು, ಇನ್ನೊಂದು ಕೊಟ್ಟರೆ ಬಂದ್. ಮಂಡಿನೋವಿನಲ್ಲಿ ತೋಟಕ್ಕೆ ನೂರಿಪ್ಪತ್ತು ಮೆಟ್ಟಿಲು ಇಳಿಯುವುದು ತಪ್ಪಿತ್ತು. ಯಂತ್ರ ಅಂದರೆ ಅದು. ಅಣ್ಣನಿಗೆ ಅದು ಹಳೇ ಕಾಲದ್ದಾಗಿ ಕಂಡಿತು, ಬಿಚ್ಚಿ ಯಾರಿಗೋ ಕೊಟ್ಟ. ಹೊಸದರ ಒಳಗಿನ ಸಿಮ್ಮಿಗೆ ಹದಿಮೂರು ಅಂಕೆ. ಯಂತ್ರ ಯಂತ್ರಗಳು ಮಾತಾಡುವ ಸಿಮ್ಮಿಗೆ 2018ರಿಂದ ನಮ್ಮ ದೇಶದಲ್ಲಿ ಹಾಗೆ ಕೊಡುವುದು. ಅದಕ್ಕೆ ಮಿಸ್ಡ್ ಕಾಲು ಕೊಟ್ಟರೆ ಕೇಳುವುದಿಲ್ಲ. ಎಲ್ಲ ಆಪಿನ ಮೂಲಕವೇ. ಆಪಿನ ಅಕೌಂಟು ಅಣ್ಣನ ಹೆಸರಿನಲ್ಲಿ, ಓಟಿಪಿ ಹೋಗುವುದು ಅಣ್ಣನ ನಂಬರಿಗೆ, ಅಣ್ಣ ಇರುವುದು ಮೀಟಿಂಗಿನಲ್ಲಿ.

ಆಪಿನ ಭಾಷೆ ಬದಲಿಸಲು ನಾನು ಪಟ್ಟ ಪಾಡು ಬೇರೆ. ಅಲ್ಲಿ ಭಾಷೆ ಆರಿಸಲಿಕ್ಕೆ ಜಾಗವೇ ಇಲ್ಲ, ರಾಜ್ಯ ಆರಿಸಬೇಕು. ಕೇರಳ ಅಂತ ಒತ್ತಿದರೆ ಮಲೆಯಾಳ, ಇಂಗ್ಲಿಷ್. ಕರ್ನಾಟಕ ಒತ್ತಿದೆ, ಕನ್ನಡ ಬಂತು! ಖುಷಿಯಲ್ಲಿ ಮುಂದೆ ಹೋದರೆ ಪಿನ್‌ಕೋಡ್ ಕೇಳಿತು. ನಮ್ಮದು 671ರಿಂದ ಶುರುವಾಗುವುದು. ಹಾಕಿದ ಕೂಡಲೇ ಕೆಂಪು ಅಕ್ಷರದಲ್ಲಿ, ಶುದ್ಧ ಕನ್ನಡದಲ್ಲಿ, "ನಿಮ್ಮ ವಿಳಾಸ ಈ ರಾಜ್ಯಕ್ಕೆ ಸೇರಿಲ್ಲ". ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ 1956ರ ನವೆಂಬರ್ ಒಂದಕ್ಕೇ ನಮಗೆ ಹೇಳಿಯಾದ ಮಾತು ಅದು, ಪಂಪಿನ ಪೆಟ್ಟಿಗೆ ಬಂದು ಇನ್ನೊಮ್ಮೆ ಹೇಳಬೇಕಿತ್ತಾ? ಚಂದ್ರಗಿರಿ ಹೊಳೆಯ ಈಚೆ ಬದಿ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಗಡಿಯ ತಕರಾರು ನೋಡಿದ ಮಹಾಜನ ಆಯೋಗ ಬರೆದುಕೊಟ್ಟಿತು, ಆಗಲಿಲ್ಲ. ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅದನ್ನೇ ಕೇಳುತ್ತಾ ಕೇಳುತ್ತಾ ನೂರು ತುಂಬಿಸಿ 2015ರಲ್ಲಿ ಹೋದರು. ಅದೆಲ್ಲ ದೊಡ್ಡ ವಿಷಯ, ಬಿಡಿ. ಕೇರಳದ 1969ರ ಭಾಷಾ ಕಾಯಿದೆಯಲ್ಲಿ ಕೂಡ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲೇ ಬರೆಯಬಹುದು ಅಂತ ಉಂಟು. ಸರ್ಕಾರ ಒಪ್ಪಿಕೊಂಡದ್ದನ್ನು ಈ ಪೆಟ್ಟಿಗೆ ಒಪ್ಪುವುದಿಲ್ಲ. ಆಪಿನಲ್ಲಿ ಕನ್ನಡ ಉಂಟು, ನಮಗೆ ಕೊಡುವುದಿಲ್ಲ. ಇಲ್ಲದೆ ಇದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಮಾರ್ಚಿನಲ್ಲಿ ಮಾವನ ಆಪರೇಷನ್ ಅಂತ ನಾನೂ ಹೆಂಡತಿಯೂ ಒಂಬತ್ತು ದಿವಸ ಮಂಗಳೂರಿನಲ್ಲಿದ್ದೆವು. ಸುಡುವ ಬಿಸಿಲು. ತೋಟಕ್ಕೆ ನಾಲ್ಕು ದಿವಸಕ್ಕೊಮ್ಮೆ ಸ್ಪ್ರಿಂಕ್ಲರಿನಲ್ಲಿ ನೀರು, ಎಲ್ಲ ಆಟೋಮ್ಯಾಟಿಕ್, ಚಿಂತೆ ಇಲ್ಲ ಅಂತ ಅಣ್ಣನ ಭರವಸೆ. ಅಪ್ಪನಿಗೆ ಫೋನು ಮಾಡಿದಾಗಲೆಲ್ಲ, "ಮೆಸೇಜು ಬರ್ತಾ ಉಂಟು, ಮೋಟಾರು ಹೋಗ್ತಾ ಇರಬೇಕು" ಅಂದರು. ಮೋಟಾರಿನ ಶಬ್ದ ಮೇಲೆ ಮನೆಗೆ ಕೇಳುವುದಿಲ್ಲ. ಅಪ್ಪನಿಗೆ ಪೇಟೆಯಲ್ಲಿ ಆಡುವಷ್ಟು ಮಲೆಯಾಳ ಬರ್ತದೆ, ಅಕ್ಷರ ಬರುವುದಿಲ್ಲ. ಅವರು ಓದಿದ್ದು ಕನ್ನಡ ಶಾಲೆಯಲ್ಲಿ.

ವಾಪಸು ಬಂದು ತೋಟಕ್ಕೆ ಇಳಿದೆ. ಕಾಲಿನ ಅಡಿಯಲ್ಲಿ ನೆಲ ಚರಚರ ಅಂದಿತು. ಬುಡದಲ್ಲೆಲ್ಲ ನಳ್ಳಿ, ಅಂದರೆ ಎಳೆ ಅಡಿಕೆ, ಉದುರಿ ಬಿದ್ದಿತ್ತು, ಹುರಿದ ಕಡಲೆ ಚೆಲ್ಲಿದ ಹಾಗೆ. ಹಿಂಗಾರ ಒಣಗಿ ಕಂದು. ಹೋದ ಮಳೆಗಾಲದಲ್ಲಿ ನೆಟ್ಟ ಇನ್ನೂರು ಸಸಿಗಳಲ್ಲಿ ಕೆಳಗಿನ ಕಣಿಯದ್ದು ಹೇಗೋ ನಿಂತಿತ್ತು, ಮೇಲಿನದ್ದರ ಸೋಗೆ ಕೈಯಲ್ಲಿ ಹಿಡಿದರೆ ಹಪ್ಪಳದಂತೆ ಪುಡಿಯಾಯಿತು. ಅಲ್ಲೇ ಕೂತು ಅಪ್ಪನ ಮೊಬೈಲಿನ ಮೆಸೇಜುಗಳನ್ನು ಒಂದೊಂದಾಗಿ ಕೂಡಿಸಿ ಓದಿದೆ. ಎಲ್ಲ ಒಂದೇ: ಮಳೆಯ ಸಾಧ್ಯತೆ ಇರುವುದರಿಂದ ಇಂದಿನ ನೀರಾವರಿ ಮುಂದೂಡಲಾಗಿದೆ.

ಮಳೆಯಾ? ಎಲ್ಲಿಯ ಮಳೆ?

ಬೆಂಗಳೂರಿನ ಮಳೆ. ಹವಾಮಾನ ನೋಡುವ ಸ್ಥಳ ಅಕೌಂಟಿನ ಫೋನು ಎಲ್ಲಿದೆಯೋ ಅದು. ಅಣ್ಣ ಬಸ್ಸು ಹತ್ತಿದ ರಾತ್ರಿ ನಮ್ಮ ತೋಟವೂ ಅವನ ಜೇಬಿನಲ್ಲಿ ಬೆಂಗಳೂರಿಗೆ ಹೋಗಿತ್ತು. ಅಲ್ಲಿ ಆ ವಾರ ಮುಗಿಲು ಕಟ್ಟಿತ್ತಂತೆ. ಮಣ್ಣಿನ ಪಸೆ ನೋಡಿ ಹೇಳಬೇಕಾದ ಕಡ್ಡಿಗಳನ್ನು ಕಾಡುಹಂದಿ ಎಂದೋ ಕಿತ್ತು ಹಾಕಿತ್ತು. ಭಾಷೆಗೆ ನಾವು ಕೇರಳ, ಮಳೆಗೆ ನಾವು ಬೆಂಗಳೂರು. ರಿಪೇರಿಗೆ? ಅದೂ ಕೇಳಿ. ಮಂಗಳೂರಿನ ಸರ್ವಿಸಿನವರಿಗೆ ಫೋನು ಮಾಡಿದರೆ, "ಕೇರಳ ನಮಗೆ ಬರುವುದಿಲ್ಲ ಸರ್, ಕೋಝಿಕ್ಕೋಡಿಗೆ ಮಾಡಿ." ಅಲ್ಲಿಗೆ ಮಾಡಿದರೆ, "ಕಾಸರಗೋಡಾ? ನಿಮಗೆ ಮಂಗಳೂರೇ ಹತ್ತಿರ ಅಲ್ವಾ ಚೇಟ್ಟಾ?"

ಹತ್ತಿರವೇ. ಆಸ್ಪತ್ರೆಗೆ ಹತ್ತಿರ, ಕಾಲೇಜಿಗೆ ಹತ್ತಿರ, ಅಡಿಕೆ ಮಾರಲಿಕ್ಕೆ ಹತ್ತಿರ. ಈ ಪಂಪಿನ ಪೆಟ್ಟಿಗೆಗೆ ಮಾತ್ರ ದೂರ.

ಆ ಒಂಬತ್ತು ದಿವಸ ಮನೆಯ ಹಿಂದಿನ ಸುರಂಗದ ನೀರು ಬರ್ತಾನೇ ಇತ್ತು. ಅಜ್ಜನ ಕಾಲದಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಡ್ಡ ಕೊರೆದದ್ದು. ಆಗ ಅಡಿಕೆ ಮರದ ದಂಬೆ ಇಟ್ಟಿದ್ದರು, ಈಗ ಪೈಪು. ನೀರು ತನ್ನ ಪಾಡಿಗೆ ಇಳಿದು ಬರ್ತದೆ, ಓಟಿಪಿ ಕೇಳುವುದಿಲ್ಲ. ಅಷ್ಟು ನೀರು ಮನೆಗೆ, ಹಟ್ಟಿಗೆ ಸಾಕು. ಮೂರೆಕರೆಗೆ ಸಾಲುವುದಿಲ್ಲ, ಅದು ನನಗೂ ಗೊತ್ತು. ಪಂಪು ಬೇಕು. ಮೊಬೈಲಿನಲ್ಲಿ ಪಂಪು ಬಿಡುವ ಸೌಕರ್ಯವೂ ಬೇಕು.

ಅಣ್ಣನಿಗೆ ಹೇಳಿದಾಗ ಅವನು, "ಸೆಟ್ಟಿಂಗ್ಸಿನಲ್ಲಿ ಸಣ್ಣ ಮಿಸ್ಟೇಕು ಮಾರಾಯ" ಅಂದ. ಅಪ್ಪ ಎಂತದೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಕೋಲು ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಪಂಪ್ ಶೆಡ್ಡಿಗೆ ಹೋದರು. ಮೂಲೆಯಲ್ಲಿ ಇನ್ನೂ ನೇತಾಡುತ್ತಿದ್ದ, ಕೈಯಲ್ಲಿ ಒತ್ತುವ ಹಳೇ ಸ್ಟಾರ್ಟರಿನ ಜೇಡನ ಬಲೆ ಒರೆಸಿದರು. ಹಸಿರು ಬಟನು, ಕೆಂಪು ಬಟನು. ವಯರು ಕೊಟ್ಟು ಹಸಿರು ಒತ್ತಿದರೆ ಬೆರಳು ಇರುವವರೆಗೆ ಮೋಟಾರು ತಿರುಗಿತು, ಬಿಟ್ಟರೆ ನಿಂತಿತು. ಬೆರಳು ತೆಗೆದ ಮೇಲೂ ಹಿಡಿದು ನಿಲ್ಲಿಸಬೇಕಾದ ಕಾಯಿಲು ಹೋಗಿದೆ. ಉಳಿದ ಬೇಸಿಗೆ ಪೂರ್ತಿ ನಾನು ಈ ಸ್ಮಾರ್ಟ್ ಪೆಟ್ಟಿಗೆಯ ಹವಾಮಾನ ಆಫ್ ಮಾಡಿಸಿ, ಅಣ್ಣನ ಮೀಟಿಂಗು ಮುಗಿಯುವುದನ್ನು ಕಾದು ಕಾದು ನೀರು ಬಿಟ್ಟೆ. ಈಗ ಅದಕ್ಕೆ 1,499.

ಕಟ್ಟುವುದಿಲ್ಲ.

ಅಣ್ಣಾ, ನೀನು ಇದನ್ನು ಓದ್ತೀಯ ಅಂತ ಗೊತ್ತು. ಚೌತಿಗೆ ಬರುವಾಗ ಎಸ್.ಪಿ. ರೋಡಿನಲ್ಲಿ ವಿಚಾರಿಸಿ ಹಳೇ ಸ್ಟಾರ್ಟರಿಗೆ ಒಂದು 415 ವೋಲ್ಟಿನ ಕಾಯಿಲು ತಾ. ಬದಿಯಡ್ಕದಲ್ಲಿ ಕೇಳಿದೆ, ಆ ಮಾಡೆಲಿನದ್ದು ಇಲ್ಲವಂತೆ. ಫೋಟೋ ತೆಗೆದು ಕಳಿಸಿದ್ದೇನೆ. ಬಿಚ್ಚಿ ಕೊಟ್ಟೆಯಲ್ಲ, ಆ ಮಿಸ್ಡ್ ಕಾಲಿನ ಪೆಟ್ಟಿಗೆ, ಅದು ಯಾರ ಮನೆಯಲ್ಲಿ ಉಂಟು ಅಂತಲೂ ಹೇಳು, ನಾನೇ ಹೋಗಿ ಕೇಳಿ ತರ್ತೇನೆ. ಬೇರೆ ಎಂತದೂ ತರಬೇಡ.