ಅಕ್ಕಿ-ಬೇಳೆಗೆ ಫ್ಲೆಕ್ಸ್ ಯಾರು ಹಾಕ್ತಾರೆ?

ಮಂಗಳೂರಿನ ಪಂಪ್‌ವೆಲ್‌ನಿಂದ ತೊಕ್ಕೊಟ್ಟು ಕಡೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಸುಮ್ನೆ ಹೊರಗೆ ನೋಡಿ. ರೋಬೋಟ್ ಸರ್ಜರಿ, ಮೊಣಕಾಲು ಆಪರೇಷನ್, ಫುಲ್ ಬಾಡಿ ಚೆಕಪ್‌ಗೆ ಡಿಸ್ಕೌಂಟ್, ಎಲ್ಲದಕ್ಕೂ ಬೋರ್ಡು ಉಂಟು. ಅಲ್ಲೇ ಮುಂದೆ ದೇರಳಕಟ್ಟೆಯಲ್ಲಿ ಕೆಲಸ ಮಾಡುವ ವೈದ್ಯರ ಒಂದು ಸಂಶೋಧನೆ ‘ಲ್ಯಾನ್ಸೆಟ್’ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದರ ಬೋರ್ಡು ಮಾತ್ರ ನನಗೆ ಎಲ್ಲೂ ಕಂಡಿಲ್ಲ.

ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನ 4 ಜಿಲ್ಲೆಗಳಲ್ಲಿ ಮಾಡಿದ ಅಧ್ಯಯನ ಅದು. ಹೆಸರು ‘ರೇಷನ್ಸ್’. 2,800 ಟಿಬಿ ರೋಗಿಗಳು, ಅವರ ಮನೆಯವರು 10,000ಕ್ಕೂ ಜಾಸ್ತಿ. ರೋಗಿಗಳಿಗೆಲ್ಲ ತಿಂಗಳಿಗೆ 10 ಕೆಜಿ ಆಹಾರದ ಕಿಟ್: ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ. ಅರ್ಧದಷ್ಟು ಕಡೆ ಮನೆಯವರಿಗೂ ಕೊಟ್ಟರು, ದೊಡ್ಡವರಿಗೆ ತಲಾ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು 39% ಕಡಿಮೆಯಾಯಿತು. ಇನ್ನೊಬ್ಬರಿಗೆ ಹರಡುವಂಥ ಶ್ವಾಸಕೋಶದ ಟಿಬಿ 48% ಕಡಿಮೆ. 2023ರಲ್ಲಿ ಪ್ರಕಟವಾಯಿತು.

ಇದನ್ನೇ ಒಂದು ಇಂಜೆಕ್ಷನ್ ಮಾಡಿದ್ದರೆ? ಟಿವಿಯವರು ಒಂದು ವಾರ ಬಿಡುತ್ತಿರಲಿಲ್ಲ ಮಾರಾಯ್ರೆ.

ಟಿಬಿ ರೋಗಾಣು ಮೈಯೊಳಗೆ ವರ್ಷಗಟ್ಟಲೆ ಸುಮ್ಮನೆ ಕೂತಿರಬಹುದು. ಹೊಟ್ಟೆಗೆ ಸರಿಯಾಗಿ ಇಲ್ಲದೆ ಮೈ ಸೋತಾಗ ತಲೆ ಎತ್ತುತ್ತದೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಮಗನಿಗೆ ಟಿಬಿ. ತಾಯಿ ಬೇಯಿಸಿದ ಮೊಟ್ಟೆ ಸುಲಿದು ಅವನ ಬಟ್ಟಲಿಗೆ ಹಾಕಿದರು. ತಾವು ಗಂಜಿಗೆ ಉಪ್ಪಿನಕಾಯಿ ನೆಂಚಿಕೊಂಡರು. ಅವನ ಲೋಟ, ಬಟ್ಟಲು ಎಲ್ಲ ಬೇರೆ ಇಟ್ಟಿದ್ದಾರೆ. ಆದರೆ ಟಿಬಿ ಹರಡುವುದು ಗಾಳಿಯಲ್ಲಿ, ಕೆಮ್ಮಿದಾಗ. ಆ ಗಾಳಿಯನ್ನೇ ಇಡೀ ದಿನ ಉಸಿರಾಡುವ ತಾಯಿಗೂ ಒಂದು ಮೊಟ್ಟೆ ಬೇಕಲ್ವಾ?

ರೋಗಿಗಳ ಬಗ್ಗೆಯೂ ಒಂದು ಮಾತು ಉಂಟು. ಅದೇ ಅಧ್ಯಯನದಲ್ಲಿ, ಚಿಕಿತ್ಸೆಯ ಮೊದಲ 2 ತಿಂಗಳಲ್ಲಿ ತೂಕ 5% ಏರಿದವರಲ್ಲಿ ಸಾವಿನ ಅಪಾಯ ಸುಮಾರು 60% ಕಡಿಮೆ ಇತ್ತು. 40 ಕೆಜಿಯವರಿಗೆ 5% ಅಂದರೆ ಬರೀ 2 ಕೆಜಿ. ಮದ್ದು ಚೆನ್ನಾಗಿ ಹಿಡಿದವರಿಗೇ ತೂಕವೂ ಏರಿರಬಹುದು, ಹಾಗಾಗಿ ಪೂರ್ತಿ ಕ್ರೆಡಿಟ್ ಊಟಕ್ಕೇ ಕೊಡಲಾಗದು. ಆದರೂ ತಿಂಗಳಿಗೊಮ್ಮೆ ತೂಕ ನೋಡಲು ಏನು ಖರ್ಚು?

ಇನ್ನು ಮಾರಾಟ ಆಗುವುದನ್ನು ನೋಡಿ. ಅಮೆರಿಕದಲ್ಲಿ 25,000ಕ್ಕೂ ಹೆಚ್ಚು ಜನರ ಮೇಲೆ ನಡೆದ ‘ವೈಟಲ್’ ಅಧ್ಯಯನದಲ್ಲಿ, ಕೊರತೆ ಇದೆಯೋ ಇಲ್ಲವೋ ನೋಡದೆ ಕೊಟ್ಟ ವಿಟಮಿನ್ ಡಿ ಮೂಳೆ ಮುರಿತ ತಡೆಯಲಿಲ್ಲ. ಅದು 2022ರ ಸುದ್ದಿ. ಚೆಕಪ್ ಪ್ಯಾಕೇಜಿನಲ್ಲಿ ವಿಟಮಿನ್ ಡಿ ಟೆಸ್ಟ್ ಈಗಲೂ ಖಾಯಂ. (ನಿಜವಾಗಿ ಕೊರತೆ ಇದ್ದವರಿಗೆ ಬೇಕೇ ಬೇಕು, ಅದು ಬೇರೆ.)

ಸರ್ಕಾರ ಟಿಬಿ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ಕೊಡುವ ಹಣ ತಿಂಗಳಿಗೆ 500 ಇದ್ದದ್ದು 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ಒಳ್ಳೆಯದೇ. ಆದರೆ ಅದು ರೋಗಿಯ ಲೆಕ್ಕ. ಮನೆಯವರ ಕಿಟ್‌ಗೆ ಸರ್ಕಾರದ ಯೋಜನೆಯಲ್ಲಿ ‘ನಿಕ್ಷಯ ಮಿತ್ರ’ರಾಗುವ ದಾನಿಗಳು ಬೇಕು. ನಮ್ಮ ಭಜನಾ ಮಂದಿರ, ಯುವಕ ಮಂಡಲ, ಮಸೀದಿ, ಇಗರ್ಜಿಗಳಿಗೆ ಸಾವಿರ ಜನರಿಗೆ ಊಟ ಹಾಕಿ ಅಭ್ಯಾಸ ಉಂಟು. ಊರಿನ ನಾಲ್ಕು ಮನೆಗೆ 6 ತಿಂಗಳ ಅಕ್ಕಿ-ಬೇಳೆ ಅವರಿಗೆ ಭಾರವೇ ಅಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ, ದಾರಿ ಹೇಳುತ್ತಾರೆ. ಕುಚ್ಚಲಕ್ಕಿ ಆದರೂ ನಡೆಯುತ್ತದೆ.