ಕೌಲ್ ಬಜಾರಿನ ಕೌಲು

ಬಳ್ಳಾರಿಯಲ್ಲಿ ಆಟೋ ಹತ್ತಿ "ಗಡಿಗಿ ಚನ್ನಪ್ಪ ಸರ್ಕಲ್‌ಗೆ ಬಿಡಪ್ಪ" ಅಂತ ಒಮ್ಮೆ ಹೇಳಿ ನೋಡಿ. ನಾನು ಹೇಳಿದೆ. ಡ್ರೈವರ್ ಹಿಂದೆ ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಅದೆಲ್ಲಿ ಬರ್ತೈತ್ರಿ? ಮೋಕಾ ರೋಡಿನ ಕಡೆನಾ?"

"ಅದೇಪ್ಪ, ಗಡಿಯಾರದ ಗೋಪುರ ಐತಲ್ಲ..."

"ರಾಯಲ್ ಸರ್ಕಲ್ ಅನ್ರಿ ಮತ್ತ!"

ಇಳಿದ ಮೇಲೆ ಬೋರ್ಡ್ ಹುಡುಕಿದೆ. ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಅದನ್ನು ಪೂರ್ತಿ ಮುಚ್ಚಿತ್ತು. ಚನ್ನಪ್ಪನವರ 'ಪ್ಪ' ಮಾತ್ರ ಹೊರಗೆ ಇಣುಕುತ್ತಿತ್ತು.

ನಮ್ಮೂರಲ್ಲಿ ಯಾವ ಕೆಲಸ ನಿಂತರೂ ಹೆಸರಿಡುವ ಕೆಲಸ ನಿಲ್ಲೋದಿಲ್ಲ. ಖರ್ಚೂ ಕಡಿಮೆ: ಒಂದು ಕಂಬ, ಒಂದು ಹಾರ, ನಾಲ್ಕು ಭಾಷಣ. ಆದ್ರೆ ಹೆಸರು ನಿಲ್ಲಬೇಕಲ್ವಾ? ನಿಲ್ಲೋದು ಯಾರ ಹೆಸರು ಅಂದ್ರೆ ಬ್ರೂಸ್ ಸಾಹೇಬರದು. ಕಂಪನಿ ಕಾಲದ ಜಡ್ಜ್ ಅವರು. ಬ್ರೂಸ್‌ಪೇಟೆಯಲ್ಲೇ ಹುಟ್ಟಿ ಬೆಳೆದ ನಮ್ಮ ಅಳಿಯ, ಅದು ಬ್ರೂಸ್ ಲೀ ಹೆಸರು ಅಂತಲೇ ಇವತ್ತಿಗೂ ನಂಬಿದ್ದಾನೆ. ಮೆಲ್ಲರ್ ಅಂತ ಒಬ್ಬ ಕಲೆಕ್ಟರ್ ಇದ್ದರು. ಅವರ ಪೇಟೆಯನ್ನು ನಾವು ಮಿಲ್ಲರ್‌ಪೇಟೆ ಮಾಡಿಕೊಂಡೆವು. ಗೆಜೆಟ್ಟಿಲ್ಲ, ಸಮಿತಿಯಿಲ್ಲ, ಸುಮ್ನೆ ಬಾಯಲ್ಲೇ ನಾಮಕರಣ!

ಇನ್ನು ಊರಿನ ಹೆಸರು. 2014ರ ನವೆಂಬರ್ 1ಕ್ಕೆ ಬಳ್ಳಾರಿ ಬದಲಾಗಿ ಬಳ್ಳಾರಿ ಆಯಿತು. ತಪ್ಪಾಗಿ ಓದಲಿಲ್ಲ ನೀವು. ಕನ್ನಡದಲ್ಲಿ ಅದು ಮೊದಲೂ ಬಳ್ಳಾರಿಯೇ. ಇಂಗ್ಲಿಷಿನವರ 'ಬೆಲ್ಲಾರಿ'ಯನ್ನು ತಿದ್ದಿದ್ದು, ಅಷ್ಟೇ. ರೈಲ್ವೆ ಸ್ಟೇಷನ್ನಿನ ಕೋಡ್ ಮಾತ್ರ ಈಗಲೂ ಬಿ-ಎ-ವೈ. ಕೂಡಿಸಿ ಓದಿದರೆ 'ಬೇ', ಅಂದರೆ ಕೊಲ್ಲಿ. ಕುಡಿಯೋಕೆ ನೀರಿಲ್ಲದ ಊರಿಗೆ ಸಮುದ್ರದ ಹೆಸರು! ಯಾರು ಇಟ್ಟರೋ, ದೊಡ್ಡ ಮನಸ್ಸು.

ನನ್ನ ಕೇಳಿದರೆ, ಸರಿಯಾಗಿ ಹೊಂದುವ ಹೆಸರು ಇಡೀ ಊರಲ್ಲಿ ಒಂದೇ: ಕೌಲ್ ಬಜಾರ್. ಕೌಲು ಅರಬ್ಬಿಯಿಂದ ಬಂದ ಪದ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಮನ್ರೋ ಕಲೆಕ್ಟರ್ ಆಗಿ ಬಂದರು. ಆ ಕಾಲದ ಕಂದಾಯ ದಫ್ತರದಲ್ಲಿ ಕೌಲು ಅಂದರೆ ಸರ್ಕಾರ ಬರೆದುಕೊಡುವ ಕರಾರು. ಪದದ ಮೂಲ ಅರ್ಥ ಇನ್ನೂ ಸರಳ: ಕೊಟ್ಟ ಮಾತು.

ಮೊನ್ನೆ ಅಲ್ಲೇ ಅತ್ತೆ ಮನೆಯಲ್ಲಿದ್ದೆ. ನಳಕ್ಕೆ ನೀರು ಬಂದು ಒಂಬತ್ತು ದಿನ. ಹನ್ನೊಂದು ಕೊಡ ಸಾಲಾಗಿ ಬಾಗಿಲಲ್ಲಿ ಕೂತಿದ್ದವು, ಮದುವೆಗೆ ಬಂದ ಬೀಗರ ಹಾಗೆ. ಅತ್ತೆ ಫೋನ್ ಇಟ್ಟು ಒಳಗೆ ಬಂದರು.

"ವಾಲ್ವ್‌ಮನ್ ಮಾತು ಕೊಟ್ಟಾನ. ನಾಳೆ ಬರ್ತೈತಂತ."

"ಬರೆದುಕೊಟ್ಟಾನೇನತ್ತಿ?" ಅಂತ ಕೇಳಿದೆ. ಅತ್ತೆ ನಗಲಿಲ್ಲ. ಹನ್ನೆರಡನೇ ಕೊಡ ತರೋಕೆ ಒಳಗೆ ಹೋದರು.